127 ಹಲ್ಲಿನ ಚಕ್ರ

ಗುಜರಿ ಅಂಗಡಿಯ ಒಳಗೆ ಬಂದ ವಸ್ತು ಮೊದಲು ಕಳೆದುಕೊಳ್ಳುವುದು ತನ್ನ ಹೆಸರನ್ನು. ಹೊರಗೆ ಅದು ಫ್ಯಾನು, ಹೊಲಿಗೆ ಮಷೀನು, ಪಂಪ್ ಸ್ಟವ್ವು. ತಕ್ಕಡಿ ಹತ್ತಿದ ಮೇಲೆ ಬರೀ ಬೀಡು, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ. ನಾನು ಹೋಗುವ ಅಂಗಡಿಯ ಭಾಯ್ ಹತ್ತಿರ ದಾರ ಕಟ್ಟಿದ ಒಂದು ಅಯಸ್ಕಾಂತವಿದೆ. ಹಳೆ ಸ್ಪೀಕರಿನಿಂದ ಕಿತ್ತದ್ದು. ಅದನ್ನು ತಾಗಿಸಿ, ಹಿಡಿದರೆ ಒಂದು ಕಡೆ, ಹಿಡಿಯದಿದ್ದರೆ ಇನ್ನೊಂದು ಕಡೆ ಎಸೆಯುತ್ತಾರೆ. ಅವರು ಎಸೆಯುವುದಕ್ಕೂ ಅದು ರಾಶಿಯ ಮೇಲೆ ಬೀಳುವುದಕ್ಕೂ ನಡುವೆ ನನಗೆ ಸಿಗುವ ಸಮಯ ಬಹಳ ಕಡಿಮೆ. "ಭಾಯ್, ಒಂದ್ನಿಮಿಷ" ಅಂತ ಕೈ ಅಡ್ಡ ಹಿಡಿಯುತ್ತೇನೆ. "ತಗಳ್ರೀ ಸರ್, ತೂಕ್ದ್ ರೇಟಿಗೆ ಕೊಡ್ತೀನಿ" ಅನ್ನುತ್ತಾರೆ ಅವರು. ಹತ್ತು ಹನ್ನೆರಡು ವರ್ಷಗಳಿಂದ ನಮ್ಮಿಬ್ಬರ ವ್ಯವಹಾರ ಹೀಗೇ ನಡೆದಿದೆ.

ಹೀಗೆ ಅಡ್ಡ ಹಿಡಿದು ತಂದದ್ದರಿಂದಲೇ ನಮ್ಮ ಮನೆಯ ಅರ್ಧ ತುಂಬಿದೆ. ನಡುಮನೆಯ ಸ್ವಿಚ್ಚುಗಳು ಹಳೇ ಕಾಲದ ಕಪ್ಪು ಬೇಕಲೈಟಿನವು, ಒತ್ತಿದರೆ 'ಟಕ್' ಎಂದು ಪಕ್ಕದ ಕೋಣೆಗೂ ಕೇಳುತ್ತದೆ. ಹಿತ್ತಲಿನ ತೊಟ್ಟಿಗೆ ನೀರೆತ್ತುವುದು ಬೆಂಗಳೂರಿನ ಎನ್.ಜಿ.ಇ.ಎಫ್. ಮೋಟರು. ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು, ಮೋಟರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬೇರಿಂಗ್ ಬದಲಿಸಿದ್ದು ಬಿಟ್ಟರೆ ಬೇರೇನೂ ಖರ್ಚಿಲ್ಲ. ಓದುವ ಮೇಜು ಯಾರದೋ ಹಳೇ ಮನೆಯ ತೇಗದ ಬಾಗಿಲು. ಚಿಲಕದ ತೂತು ಹಾಗೇ ಇದೆ, ಅದರಲ್ಲಿ ಪೆನ್ನು ನಿಲ್ಲಿಸುತ್ತೇನೆ.

ದಾವಣಗೆರೆಯ ಗುಜರಿಗೆ ಒಂದು ವಿಶೇಷವಿದೆ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಸುತ್ತಲ ಹೊಲಗಳ ಹತ್ತಿ ಇಲ್ಲೇ ನೂಲಾಗಿ ಬಟ್ಟೆಯಾಗುತ್ತಿತ್ತು. ಮಿಲ್ಲುಗಳು ಒಂದೊಂದಾಗಿ ನಿಂತವು. ಕಾಟನ್ ಮಿಲ್ಲಿನ ಹೆಸರು ಈಗ ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆಯ ಹೆಸರಾಗಿ, ಆಟೋದವರ ಬಾಯಲ್ಲಿ ಉಳಿದಿದೆ. ಇಂದು ಹೊರಗಿನವರಿಗೆ ದಾವಣಗೆರೆ ಎಂದರೆ ಬೆಣ್ಣೆದೋಸೆ. ದೋಸೆಯ ಮೇಲೆ ನನಗೆ ತಕರಾರಿಲ್ಲ. ಆದರೆ ನೂಲಿನ ಊರು ಎಲ್ಲಿ ಹೋಯಿತು ಅಂತ ಕೇಳುವವರಿಗೆ ನಾನು ತೋರಿಸುವುದು ಗುಜರಿ ಅಂಗಡಿಗಳನ್ನೇ. ಮರದ ಬಾಬಿನ್ನು, ಎರಡೂ ತುದಿಗೆ ಉಕ್ಕಿನ ಮೊನೆ ಇರುವ ಲಾಳಿ, ಎರಕದ ಕಾಲುಗಳು, ಇವೆಲ್ಲ ಬಹಳ ವರ್ಷ ಅಲ್ಲಿ ಮಣ್ಣು ಹತ್ತಿ ಬಿದ್ದಿದ್ದವು. ಮಂಡಕ್ಕಿ ಭಟ್ಟಿಯ ಒಲೆಗೆ ಎಷ್ಟು ಬಾಬಿನ್ನು ಹೋದವೋ ಲೆಕ್ಕ ಇಟ್ಟವರಿಲ್ಲ.

ಆಮೇಲೆ ಬೆಂಗಳೂರಿನವರು ಬಂದರು. ಇಲ್ಲಿ ಕೆ.ಜಿ. ಲೆಕ್ಕದಲ್ಲಿ ಹೋಗುತ್ತಿದ್ದ ಬಾಬಿನ್ನು ಅಲ್ಲಿ ಒಂದೊಂದಕ್ಕೆ ಇಷ್ಟು ಅಂತ ಬೆಲೆಚೀಟಿ ಅಂಟಿಸಿಕೊಂಡು 'ವಿಂಟೇಜ್' ಆಗಿ ನಿಂತಿತು. ನೆತ್ತಿಗೊಂದು ಬಲ್ಬು ಸಿಕ್ಕಿಸಿದರೆ ಟೇಬಲ್ ಲ್ಯಾಂಪು. ನನ್ನ ಹತ್ತಿರವೂ ಅಂಥದ್ದೊಂದಿದೆ, ನಾನೇ ಮಾಡಿದ್ದು. ಚೆನ್ನಾಗಿಯೇ ಇದೆ. ಮಿಲ್ಲಿನಲ್ಲಿ ದುಡಿದಿದ್ದ ನಮ್ಮ ಬೀದಿಯ ಅಜ್ಜಿಯೊಬ್ಬರು ಒಮ್ಮೆ ಮನೆಗೆ ಬಂದಾಗ ಅದನ್ನು ಕೈಗೆತ್ತಿಕೊಂಡರು. ಲ್ಯಾಂಪಿನ ಕಡೆ ಅವರ ಗಮನವೇ ಇರಲಿಲ್ಲ. ಹೆಬ್ಬೆರಳಿನಿಂದ ಬಾಬಿನ್ನಿನ ಅಂಚು ಸವರಿ, "ಇದು ಸೀಳೈತಿ, ಇಂಥಾದ್ರಾಗ ನೂಲು ಹರೀತಿತ್ತು" ಅಂದು ಕೆಳಗಿಟ್ಟರು. ನನಗೆ ಅಲಂಕಾರವಾಗಿ ಕಂಡ ಬಿರುಕು ಅವರಿಗೆ ಆ ದಿನದ ಕೂಲಿಯ ಪ್ರಶ್ನೆಯಾಗಿತ್ತು.

ಮರ್ಫಿ ರೇಡಿಯೋ ಸಿಕ್ಕಿದ್ದು ಆರು ವರ್ಷದ ಹಿಂದೆ. ವಾಲ್ವ್ ಸೆಟ್ಟು. ಮರದ ಪೆಟ್ಟಿಗೆಗೆ ಒಂದು ಕಡೆ ಗೆದ್ದಲು ಹಿಡಿದಿತ್ತು, ಎರಡು ತಿರುಪುಗುಂಡಿಗಳಲ್ಲಿ ಒಂದು ಇರಲಿಲ್ಲ. ಬಾಯಿಗೆ ಬೆರಳಿಟ್ಟುಕೊಂಡ ಮರ್ಫಿ ಪಾಪುವಿನ ಜಾಹೀರಾತು ಹಿರಿಯರಿಗೆ ನೆನಪಿರುತ್ತದೆ. ನನ್ನ ವಯಸ್ಸಿನವರಿಗೆ 'ಬರ್ಫಿ' ಸಿನಿಮಾದಿಂದ ಗೊತ್ತು. ಒಂದು ಕಾಲಕ್ಕೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ವರ್ಷವರ್ಷ ಹಣ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರಬೇಕು. ಆ ಪದ್ಧತಿ ಹೋದದ್ದು 1980ರ ದಶಕದಲ್ಲಿ.

ಇಂಥ ಸೆಟ್ಟು ಸಿಕ್ಕ ಕೂಡಲೇ ಎಲ್ಲರೂ ಮಾಡಬೇಕೆನ್ನಿಸುವ ಕೆಲಸ ಎಂದರೆ ಪ್ಲಗ್ಗಿಗೆ ಹಾಕಿ ನೋಡುವುದು. ಓದುಗರಲ್ಲಿ ಯಾರಿಗಾದರೂ ಅಜ್ಜನ ರೇಡಿಯೋ ಅಟ್ಟದ ಮೇಲೆ ಸಿಕ್ಕಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಒಳಗಿರುವ ಕೆಪಾಸಿಟರುಗಳು (ರಿಪೇರಿಯವರು ಇವತ್ತಿಗೂ ಕಂಡೆನ್ಸರ್ ಎನ್ನುತ್ತಾರೆ) ದಶಕಗಳಿಂದ ಒಣಗಿ ಕೂತಿರುತ್ತವೆ. ಕಾಗದದವು ತೇವ ಹೀರಿ ಕರೆಂಟು ಸೋರಿಸುತ್ತವೆ. ಇನ್ನೂರು ವೋಲ್ಟಿಗೂ ಮೀರಿದ ಡಿ.ಸಿ. ಅಲ್ಲಿ ಹರಿಯುತ್ತದೆ. ಒಂದು ಕೆಪಾಸಿಟರ್ ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರು ಸುಟ್ಟು, ರೇಡಿಯೋ ನಿಜಕ್ಕೂ ಗುಜರಿಯಾಗುತ್ತದೆ. ಕೆಲವು ಸೆಟ್ಟುಗಳಲ್ಲಂತೂ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ತಗಡಿನ ಚಾಸಿಸ್ಸೇ ನೇರ ಕರೆಂಟಿನಲ್ಲಿರುತ್ತದೆ.

ನನಗೆ ದಾರಿ ತೋರಿಸಿದವರು ಹಳೇ ದಾವಣಗೆರೆಯ ಗಲ್ಲಿಯೊಂದರಲ್ಲಿ ಕೂರುವ ರೇಡಿಯೋ ರಿಪೇರಿಯ ಹಿರಿಯರು. ಮೊಬೈಲ್ ಕವರು ಮಾರುವ ಅಂಗಡಿಯ ಹಿಂಭಾಗದಲ್ಲಿ ಅವರಿಗೊಂದು ಮೇಜು ಉಳಿದಿದೆ. ಅಂಗಡಿ ಈಗ ಮಗನದು. ಗೋಡೆಗೆ ಒಂದು ಸೀರೀಸ್ ಬೋರ್ಡು: ನೂರು ವಾಟಿನ ಹಳೇ ಬಲ್ಬಿನ ಮೂಲಕ ಕರೆಂಟು ರೇಡಿಯೋಗೆ ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೋ ಉಳಿದುಕೊಳ್ಳುತ್ತದೆ. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು, ಆದ್ದರಿಂದ ಅವರು ಹಳೇ ಬಲ್ಬುಗಳನ್ನು ಅಕ್ಕಿಡಬ್ಬದಲ್ಲಿ ಹುಗಿದಿಟ್ಟ ಹಣದ ಹಾಗೆ ಕಾಪಾಡುತ್ತಾರೆ. ಮೂರು ಭಾನುವಾರ ಅವರ ಪಕ್ಕ ಕೂತೆ. ಸೋತಿದ್ದ ಔಟ್‌ಪುಟ್ ವಾಲ್ವಿಗೆ ಬದಲಿ ಅವರ ಡ್ರಾಯರಿನಲ್ಲೇ ಇತ್ತು. ರಟ್ಟಿನ ಪುಟ್ಟ ಪೆಟ್ಟಿಗೆಯಲ್ಲಿ, ಬೆಂಗಳೂರಿನ ಬಿ.ಇ.ಎಲ್. ಮಾಡಿದ್ದು. 1960ರ ದಶಕದಲ್ಲಿ ನಮ್ಮ ಜಾಲಹಳ್ಳಿಯಲ್ಲೇ ವಾಲ್ವುಗಳು ತಯಾರಾಗುತ್ತಿದ್ದವು ಎಂಬುದು ಎಲೆಕ್ಟ್ರಾನಿಕ್ಸ್ ಓದಿದ ನನಗೆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 'ರಿಪೇರಿ ಕೆಫೆ' ಅಂತ ಶುರುವಾಗಿ ಲೋಕಕ್ಕೆಲ್ಲ ಹಬ್ಬಿತು. ಕೆಟ್ಟ ವಸ್ತು ಹಿಡಿದುಕೊಂಡು ಹೋದರೆ ಬಲ್ಲವರು ಜೊತೆಗೆ ಕೂತು ಸರಿಮಾಡುವುದನ್ನು ಕಲಿಸುತ್ತಾರೆ, ಕಾಫಿಯೂ ಸಿಗುತ್ತದೆ. ಒಳ್ಳೆಯ ಕೆಲಸ. ಹಿರಿಯರಿಗೆ ಇದನ್ನು ಹೇಳಿದೆ. "ಇಲ್ಲಿ ನಾನೇ ಚಾ ತರಿಸ್ತಿದೀನಲ್ಲಪ್ಪ" ಅಂದರು.

ಮೂರನೇ ಭಾನುವಾರ ರಾತ್ರಿ ಮನೆಯಲ್ಲಿ ರೇಡಿಯೋ ಹಾಡಿತು. ವಾಲ್ವುಗಳು ಕಾಯುವ ತನಕ ಸದ್ದಿಲ್ಲ, ಆಮೇಲೆ ದೂರದಿಂದ ನಡೆದುಬಂದ ಹಾಗೆ ಭದ್ರಾವತಿ ಬಂತು. ಮೀಡಿಯಂ ವೇವ್, 675 ಕಿಲೋಹರ್ಟ್ಸ್. ಮುಳ್ಳನ್ನು ಇನ್ನೂ ಸರಿಸಿದರೆ 765ರಲ್ಲಿ ಧಾರವಾಡ. ನಡುವೆ ಒಂದೇ ಸಮ 'ಗುರ್ರ್' ಅನ್ನುವ ಸದ್ದು. ಅದು ನಮ್ಮದೇ ಮನೆಯ ಎಲ್.ಇ.ಡಿ. ಬಲ್ಬು ಮತ್ತು ಮೊಬೈಲ್ ಚಾರ್ಜರುಗಳ ಗಲಾಟೆ. ಒಂದೊಂದೇ ಆರಿಸುತ್ತ ಹೋದೆವು. ಕೊನೆಗೆ ಕತ್ತಲಲ್ಲಿ, ಡಯಲ್ಲಿನ ಹಳದಿ ಬೆಳಕೊಂದರಲ್ಲಿ ಮೂರೂ ಜನ ಕೂತು ವಾರ್ತೆ ಕೇಳಿದೆವು. ಅವ್ವ ಮಾತ್ರ, "ಕರೆಂಟ್ ಹೋಗೈತಿ ಅಂತ ಪಕ್ಕದ್ಮನೆಯವ್ರು ಕೇಳಾಕ್ ಬರ್ತಾರ ನೋಡು" ಅಂದಳು.

ಎಲ್ಲ ಹಳೆಯದನ್ನೂ ಹೀಗೆ ಎತ್ತಿಕೊಂಡು ಬರಲಾಗುವುದಿಲ್ಲ. ದಪ್ಪ ಬೆನ್ನಿನ ಹಳೇ ಟಿ.ವಿ.ಯನ್ನು ಬಿಚ್ಚಿ ಮೀನಿನ ತೊಟ್ಟಿ ಮಾಡುವ ವಿಡಿಯೋಗಳಿವೆ. ಅದರ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿರುತ್ತದೆ, ಆರಿಸಿದ ಮೇಲೂ ಸಾವಿರಾರು ವೋಲ್ಟು ಒಳಗೆ ಕೂತಿರಬಹುದು. ನಾನು ಮುಟ್ಟುವುದಿಲ್ಲ. ತಾಮ್ರಕ್ಕಾಗಿ ವೈರು ಸುಡುವ ಹುಡುಗರ ಹೊಗೆಯನ್ನು ನೋಡಿದ ಮೇಲೆ, ಹಳೇ ವಸ್ತುವಿನ ಬಗ್ಗೆ ಬರೀ ಮಧುರವಾಗಿ ಬರೆಯುವವರನ್ನು ಓದುವುದೂ ಕಷ್ಟವಾಗಿದೆ.

ಇನ್ನು ಚಕ್ರದ ವಿಷಯ. ಅದಕ್ಕೆ ಮೊದಲು ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಹರಿಹರ ಎಂದರೆ ಹೊರಗಿನವರಿಗೆ ಹರಿಹರೇಶ್ವರ ಗುಡಿ, ತುಂಗಭದ್ರೆ. ಲೇತ್ ಮೇಲೆ ಕೆಲಸ ಮಾಡಿದವರಿಗೆ ಮಾತ್ರ ಅದು ಮೈಸೂರು ಕಿರ್ಲೋಸ್ಕರ್. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ಇಲ್ಲಿ ಕಾರ್ಖಾನೆ ತೆಗೆಯಿತು. ಆಗ ಹೊಳೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬೈ ಪ್ರಾಂತ್ಯ. ಹರಿಹರದ ಲೇತುಗಳು ದೇಶದ ಐ.ಟಿ.ಐ.ಗಳಿಗೆ, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋದವು. ಈ ಶತಮಾನದ ಶುರುವಿಗೆ ಕಾರ್ಖಾನೆ ನಿಂತಿತು. ಸುತ್ತಮುತ್ತಲ ಸಣ್ಣ ವರ್ಕ್‌ಶಾಪುಗಳಲ್ಲೂ ಕೆಲಸ ಕಡಿಮೆಯಾಯಿತು, ಅಪ್ಪ ದಾವಣಗೆರೆಗೆ ಬಂದು ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಕೂತರು. ಲೇತಿನ ಮಾತು ಮನೆಯಲ್ಲಿ ನಿಂತುಹೋಯಿತು. ನಾನು ಗುಜರಿಯಿಂದ ತಂದದ್ದನ್ನೆಲ್ಲ ಅವರು ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ.

ಹೋದ ವರ್ಷ ಊಟದ ತಟ್ಟೆಯಷ್ಟು ಅಗಲದ, ಬೀಡಿನ ಹಲ್ಲುಚಕ್ರವೊಂದು ಸಿಕ್ಕಿತು. ತುಕ್ಕು ಬಿಟ್ಟರೆ ಒಂದು ಹಲ್ಲೂ ಮುರಿದಿರಲಿಲ್ಲ. ಗೋಡೆಗೆ ಹಾಕಿ ನಡುವೆ ಗಡಿಯಾರ ಕೂರಿಸುವುದು ನನ್ನ ಯೋಚನೆ. ಜಗುಲಿಯ ಮೇಲಿಟ್ಟು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಒಂದು ಹಲ್ಲಿಗೆ ಸುಣ್ಣ ಹಚ್ಚಿ, ಅಲ್ಲಿಂದ ಹೆಬ್ಬೆರಳಲ್ಲಿ ಒಂದೊಂದೇ ಎಣಿಸುತ್ತಿದ್ದರು. ಹತ್ತಾದರೆ ಪಕ್ಕಕ್ಕೊಂದು ಬೆಂಕಿಕಡ್ಡಿ. ನಾನು ಮಾತಾಡಿಸಿದ್ದಕ್ಕೆ ಕೈ ಎತ್ತಿ ತಡೆದರು. ಕೊನೆಗೆ ಹನ್ನೆರಡು ಕಡ್ಡಿ, ಮೇಲೆ ಏಳು ಹಲ್ಲು.

"ನೂರಾ ಇಪ್ಪತ್ತೇಳು" ಅಂದರು. ಆಮೇಲೆ ಸೀಮೆಎಣ್ಣೆ, ಎಮರಿ ಪೇಪರ್ ತರಿಸಿ ತಿಕ್ಕಿದರು. ಮುಖದ ಮೇಲೆ ಗುದ್ದಿದ ಅಂಕಿ ಎದ್ದುಬಂತು: 127.

ಇಷ್ಟು ವರ್ಷದಲ್ಲಿ ಅಪ್ಪ ನನಗೆ ಮೊದಲ ಸಲ ತಮ್ಮ ಕೆಲಸ ವಿವರಿಸಿದ್ದು ಅವತ್ತು. ಹಳೇ ಲೇತಿನ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು. ನಮ್ಮ ದೇಶ 1956ರ ಕಾಯ್ದೆಯ ಮೇಲೆ ಮೆಟ್ರಿಕ್‌ಗೆ ಹೊರಳಿತು, ಬೋಲ್ಟುಗಳ ಮರೆ ಮಿಲಿಮೀಟರಿನಲ್ಲಿ ಬೇಕಾಯಿತು. ಅದಕ್ಕಾಗಿ ಯಾರೂ ಲೇತ್ ಎಸೆಯಲಿಲ್ಲ. ಒಂದು ಇಂಚೆಂದರೆ 25.4 ಮಿಲಿಮೀಟರು. ಐದು ಇಂಚೆಂದರೆ ಸರಿಯಾಗಿ 127. 127 ಅವಿಭಾಜ್ಯ ಸಂಖ್ಯೆ, ಅದಕ್ಕಿಂತ ಸಣ್ಣ ಚಕ್ರದಲ್ಲಿ ಈ ಲೆಕ್ಕ ನಿಖರವಾಗಿ ಕೂರುವುದಿಲ್ಲ. ಹಾಗಾಗಿ 127 ಹಲ್ಲಿನ ಒಂದು ಚಕ್ರ ಜೋಡಿಸಿದರೆ ಇಂಚಿನ ಯಂತ್ರ ಮಿಲಿಮೀಟರಿನ ಮರೆ ಕೊಯ್ಯುತ್ತದೆ. "ಬಾಕಿ ಗೇರು ಎಲ್ಲಾ ಕಡೆ ಸಿಗ್ತಾವು. ಇದು ಕಳಕೊಂಡೋನು ಕೂತು ಅಳ್ಬೇಕು" ಅಂದರು.

"ಗೋಡೆಗೆ ಹಾಕೋಣ ಅಂತಿದ್ದೆ" ಅಂದೆ.

"ಗೋಡಿ ಏನು ಮರೆ ಕೊಯ್ತೈತೇನಲೇ?"

ನಾನೂ ಸುಮ್ಮನೆ ಬಿಡಲಿಲ್ಲ. ನಾನು ತರದಿದ್ದರೆ ಅದು ಇಷ್ಟೊತ್ತಿಗೆ ಕುಲುಮೆಯಲ್ಲಿ ಕರಗಿರುತ್ತಿತ್ತು ಅಂತ ವಾದಿಸಿದೆ. ಅದು ನಿಜವೂ ಹೌದು. ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ, ಫೋನ್ ತಗೊಂಡು ಯಾರು ಯಾರಿಗೋ ಮಾಡತೊಡಗಿದರು. ನಾಲ್ಕನೆಯದೋ ಐದನೆಯದೋ ಕರೆಗೆ ಅವರ ದನಿ ಬದಲಾಯಿತು. ಹರಿಹರದಲ್ಲಿ ಅವರ ಹಳೇ ಜೊತೆಗಾರರೊಬ್ಬರು ಇನ್ನೂ ಒಂದು ಲೇತ್ ಇಟ್ಟುಕೊಂಡು ಪಂಪುಸೆಟ್ಟಿನ ಶಾಫ್ಟು, ಟ್ರಾಕ್ಟರ್ ಪಿನ್ನು ಮಾಡಿಕೊಡುತ್ತಿದ್ದರು. ಅವರ ಸೆಟ್ಟಿನಲ್ಲಿ ಈ ಒಂದು ಚಕ್ರ ಎಂದೋ ಒಡೆದುಹೋಗಿತ್ತು.

ಭಾನುವಾರ ಬಸ್ಸಿನಲ್ಲಿ ಹೋದೆವು. ದಾರಿ ಹದಿನೈದು ಕಿಲೋಮೀಟರೂ ಇಲ್ಲ. ಚಕ್ರವನ್ನು ಹಳೇ ಪಂಚೆಯಲ್ಲಿ ಸುತ್ತಿ ಅಪ್ಪ ಮಡಿಲಲ್ಲಿಟ್ಟುಕೊಂಡಿದ್ದರು. ನೋಡಿದವರು ಮಗು ಅಂದುಕೊಳ್ಳಬೇಕು. ವರ್ಕ್‌ಶಾಪಿನಲ್ಲಿ ಇಬ್ಬರೂ ಕುಶಲ ಕೇಳುವುದಕ್ಕೂ ಮೊದಲು ಚಕ್ರ ಕೂರಿಸಿ ನೋಡಿದರು. ನಡುವಿನ ತೂತಿನಲ್ಲಿ ತುಸು ಸಡಿಲವಿತ್ತು, ಬುಷ್ ಹಾಕಿದರಾಯಿತು. ಅಪ್ಪ ಅಂಗಿಯ ತೋಳು ಮಡಚಿ ಮಷೀನಿನ ಮುಂದೆ ನಿಂತರು. ಇಪ್ಪತ್ತು ವರ್ಷದ ಮೇಲೆ ಲೇತ್ ಮುಟ್ಟಿದ ಮನುಷ್ಯ ತಡವರಿಸಬಹುದು ಅಂತ ನಾನು ಕಾದೆ. ಮೊದಲ ಗೀರಿಗೆ ಮಾತ್ರ ಕೈ ಒಂದು ಕ್ಷಣ ನಿಂತಿತು.

ಮರೆ ಸರಿಯಾಗಿ ಬಂತು. ಗೆಳೆಯರು ದುಡ್ಡು ಕೊಡಲು ಬಂದರು. ಅಪ್ಪ ನನ್ನ ಕಡೆ ತೋರಿಸಿ, "ಅವನದು ಅದು, ಅವನ್ನ ಕೇಳು" ಅಂದರು. ನಾನು ಕೇಳಿದ್ದು ರೇಡಿಯೋದ ಗುಂಡಿ. ಮರ್ಫಿಯ ಕಡ್ಡಿ ಕಾಲು ಇಂಚಿನದು, ಅಂದರೆ 6.35 ಮಿಲಿಮೀಟರು. ಅಂಗಡಿಯಲ್ಲಿ ಸಿಗುವ ಹೊಸ ಗುಂಡಿಗಳ ತೂತು 6 ಮಿಲಿಮೀಟರಿನವು, ಹೋಗುವುದಿಲ್ಲ. ಆರು ವರ್ಷದಿಂದ ಇಕ್ಕಳ ಹಿಡಿದು ಸ್ಟೇಷನ್ ತಿರುಗಿಸುತ್ತಿದ್ದೆವು.

ಹಿತ್ತಾಳೆಯ ತುಂಡೊಂದನ್ನು ಚಕ್ಕಿಗೆ ಕಟ್ಟಿ ಅಪ್ಪನೇ ಕೊಯ್ದರು. ಕೈಗೆ ಹಿಡಿತ ಸಿಗಲಿ ಅಂತ ಸುತ್ತಲೂ ನರ್ಲಿಂಗ್ ಹಾಕಿದರು. ಗುಂಡಿ ಈಗ ರೇಡಿಯೋದ ಮೇಲಿದೆ. ನರ್ಲಿಂಗ್ ಸ್ವಲ್ಪ ಚೂಪಾಯಿತು, ತಿರುಗಿಸಿದರೆ ಬೆರಳಿಗೆ ಚುಚ್ಚುತ್ತದೆ ಅಂತ ಅವ್ವನ ದೂರು. ಮುಂದಿನ ಸಲ ಹರಿಹರಕ್ಕೆ ಹೋದಾಗ ಫೈಲು ಹಾಕಿ ನಯಮಾಡಿಕೊಂಡು ಬರುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ಫೈಲು ನಮ್ಮ ಮನೆಯಲ್ಲೂ ಇದೆ.