ನಾಲ್ಕು ದಾರದ ಗಾಳಿಪಟ

ಆಷಾಢದ ಗಾಳಿಯಲ್ಲಿ ಒಂಟಿ ದಾರದ ಪಟ ಹಾರಿಸಿ ಬೆಳೆದವನಿಗೆ, ಗಾಳಿಪಟದ ವಿಷಯದಲ್ಲಿ ಇನ್ನು ಕಲಿಯಬೇಕಾದದ್ದು ಏನೂ ಇಲ್ಲವೆಂಬ ಭಾವನೆ ಸಹಜ. ಆ ಅಹಂಕಾರವನ್ನು ಇಳಿಸಲೆಂದೇ ಹುಟ್ಟಿತೋ ಎಂಬಂತಿದೆ, 1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದ ಹ್ಯಾಡ್ಜಿಕಿ ಸೋದರರು ರೂಪಿಸಿದ ನಾಲ್ಕು ದಾರದ ಪಟ. ಅದಕ್ಕೆ ಬಾಲಂಗೋಚಿಯಿಲ್ಲ. ಎರಡು ಕೈಗೆ ಎರಡು ಹಿಡಿಕೆ. ಒಂದೊಂದು ಹಿಡಿಕೆಯ ಮೇಲ್ತುದಿಗೊಂದು, ಕೆಳತುದಿಗೊಂದು ದಾರ. ಮೇಲಿನವನ್ನು ಎಳೆದರೆ ಪಟ ಮುನ್ನುಗ್ಗುತ್ತದೆ. ಕೆಳಗಿನವನ್ನು ಎಳೆದರೆ ತಡೆದು ನಿಲ್ಲುತ್ತದೆ, ಮತ್ತಷ್ಟು ಎಳೆದರೆ ಹಿಂದಕ್ಕೂ ಸರಿಯುತ್ತದೆ. ನಾಲ್ಕೂ ಸಮನಾಗಿರಬೇಕು, ಒಂದು ಗಿಡ್ಡವಾದರೂ ಪಟ ವಾಲುತ್ತದೆ.

ಹೊಸಬನು ಎಡವುವುದು ಪಟವು ನೆಲದತ್ತ ಧುಮುಕುವ ಗಳಿಗೆಯಲ್ಲಿ. ಹಳೆಯ ಅಭ್ಯಾಸದ ಕೈ ತಟ್ಟನೆ ಹಿಂದಕ್ಕೆಳೆಯುತ್ತದೆ. ಎಳೆದಷ್ಟೂ ವೇಗ ಹೆಚ್ಚಿ, ಕಾರ್ಬನ್ ಎಳೆಯ ಕಡ್ಡಿ ಲಟಕ್ಕನೆ ಮುರಿಯಬಹುದು. ಬಲ್ಲವರು ಹೇಳುವ ಉಪಾಯ ವಿಚಿತ್ರವಾದುದು: ಪಟದ ಕಡೆಗೇ ನಾಲ್ಕು ಹೆಜ್ಜೆ ಓಡಬೇಕು. ದಾರ ಸಡಿಲಗೊಂಡು ಬೀಳುವ ರಭಸ ತಗ್ಗುತ್ತದೆ. ಮಣಿಕಟ್ಟಿನ ಪಾಠವೇನೋ ಕೆಲವು ಸಂಜೆಗಳಲ್ಲಿ ಬಂದೀತು; ಕೈತಪ್ಪುತ್ತಿರುವ ವಸ್ತುವಿಗೆ ಇನ್ನಷ್ಟು ಸಡಿಲು ಕೊಡಲು ಮನಸ್ಸು ಒಪ್ಪುವುದೇ ಕಷ್ಟ.

ತಲೆಕೆಳಗಾಗಿ ಬಿದ್ದರೂ ಎತ್ತಿಕೊಡಲು ಯಾರೂ ಬೇಡ. ಹಿಡಿಕೆಗಳ ಕೆಳತುದಿಯನ್ನು ತನ್ನತ್ತ ಬಾಗಿಸಿದರೆ, ಅದು ಹಿಮ್ಮುಖವಾಗಿಯೇ ನೆಲ ಬಿಟ್ಟೇಳುತ್ತದೆ.