ಕೋಪಕ್ಕೆ ನಾನಿಟ್ಟ ಹೆಸರು

31 ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನನಗೆ ಒಂದು ಇಂಗ್ಲಿಷ್ ಪದದ ನಿಜವಾದ ಅರ್ಥವನ್ನು ತಿಳಿಸಿಕೊಟ್ಟವನು, ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಮುಂಬಯಿ ಸೇರಿದ ನನ್ನ ತಮ್ಮ. 2011ರಲ್ಲಿ ಅವನ ಮಗಳ ಮದುವೆಯ ಹಿಂದಿನ ರಾತ್ರಿ, ನೆಂಟರೆಲ್ಲ ಮಲಗಿದ ಮೇಲೆ ಜಗಲಿಯಲ್ಲಿ ಕುಳಿತಿದ್ದೆವು. ಅವನು ತಟ್ಟನೆ ಕೇಳಿದ: “ಅಣ್ಣಾ, ರಿಸೆಂಟ್ ಎಂದರೆ ಬಹಳ ಕಾಲದ ಸಿಟ್ಟೇ?”

ಈ ಪ್ರಶ್ನೆಯ ಹಿಂದಿನ ಕಥೆಯನ್ನು ನಿಮಗೆ ಹೇಳಬೇಕು. 1997ರ ಮಳೆಗಾಲದಲ್ಲಿ ನಮ್ಮ ತಾಯಿ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತಮ್ಮನಿಗೆ ಎರಡು ಬಾರಿ ಪತ್ರ ಬರೆದೆ, ಎಸ್.ಟಿ.ಡಿ. ಬೂತ್‌ನಿಂದ ಫೋನು ಮಾಡಿ ಸುದ್ದಿ ಮುಟ್ಟಿಸಿದೆ. ಅವನು ಬರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಒಂದು ರಾತ್ರಿ, ತಾಯಿಯ ಮಗ್ಗುಲು ಬದಲಿಸಿ ಮಲಗಿಸಿ ಬಂದವನು ಇನ್‌ಲ್ಯಾಂಡ್ ಲೆಟರ್ ಬಿಡಿಸಿಕೊಂಡು ಕುಳಿತೆ. ಅಲ್ಲಿಯವರೆಗೆ ನಾವಿಬ್ಬರೂ ಕನ್ನಡದಲ್ಲಲ್ಲದೆ ಬರೆದುಕೊಂಡವರಲ್ಲ. ಅಂದು ಮಾತ್ರ ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಬರೆದರೆ ಸಿಟ್ಟೆಂಬುದು ಕಾಗದದ ಮೇಲೆ ಬೆತ್ತಲೆಯಾಗಿ ನಿಲ್ಲುತ್ತದೆಂಬ ಸಂಕೋಚ. ‘ಆ್ಯಂಗ್ರಿ’ ಎಂಬ ಪದವೂ ಒರಟೆನಿಸಿತು. ಆದುದರಿಂದ, ನಿನ್ನ ನಡತೆಯನ್ನು ನಾನು ‘ರಿಸೆಂಟ್’ ಮಾಡುತ್ತೇನೆ ಎಂದು ಬರೆದೆ. ಸಭ್ಯವಾದ, ಮೆತ್ತನೆಯ ಪದವೆಂದೇ ನನ್ನ ಎಣಿಕೆ.

ನಮ್ಮಲ್ಲಿ ಅನೇಕರು ಸಿಟ್ಟು ನೆತ್ತಿಗೇರಿದೊಡನೆ ಇಂಗ್ಲಿಷಿಗೆ ಜಿಗಿಯುವುದನ್ನು ನೀವೂ ಕಂಡಿರಬಹುದು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಒಮ್ಮೊಮ್ಮೆ ಊಟದ ಮೇಜಿನಲ್ಲಿಯೂ. ಸಾಲ ತಂದ ಮಾತು ಆಡುವವನ ನಾಲಿಗೆಯನ್ನು ಸುಡುವುದಿಲ್ಲ. ಕೇಳುವವನ ಕಿವಿಯನ್ನು ಸುಡುವುದಿಲ್ಲವೆಂದು ಯಾರು ಹೇಳಿದರು?

ತಮ್ಮನ ಪ್ರಶ್ನೆಯ ತರುವಾಯ, ನಿವೃತ್ತಿಯ ಬಿಡುವಿನಲ್ಲಿ, ಕೋಪವನ್ನು ಸೂಚಿಸುವ ಇಂಗ್ಲಿಷ್ ಪದಗಳ ಹುಟ್ಟನ್ನು ನಿಘಂಟುಗಳಲ್ಲಿ ಹುಡುಕುವುದೇ ನನಗೊಂದು ಹವ್ಯಾಸವಾಯಿತು. ತರಗತಿಯಲ್ಲಿ ಇವೆಲ್ಲಕ್ಕೂ ‘ಕೋಪ’ ಎಂದೊಂದೇ ಅರ್ಥ ಬರೆಸಿ ಮುಂದಕ್ಕೆ ಹೋಗುತ್ತಿದ್ದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಬೆಂಗಳೂರಿನ ಪತ್ರಿಕೆಗಳಲ್ಲಿ ‘ರೋಡ್ ರೇಜ್’ ಎಂದು ಓದುತ್ತೇವಷ್ಟೆ. ಆ ‘ರೇಜ್’ ಲ್ಯಾಟಿನ್ನಿನ ‘ರೇಬೀಸ್’ ಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಹುಚ್ಚುನಾಯಿಯ ಕಡಿತದಿಂದ ಬರುವ ರೋಗಕ್ಕೂ ಅದೇ ಹೆಸರು. ಬುದ್ಧಿ ಕೈಬಿಟ್ಟುಹೋದ ಕೋಪವದು. ‘ಫ್ಯೂರಿ’ ಎಂಬುದರ ಹಿಂದೆ ರೋಮನ್ನರ ಸೇಡಿನ ದೇವತೆಗಳಿದ್ದಾರೆ. ‘ರಾತ್’ ಎಂಬ ಗಂಭೀರ ಪದದ ಬೇರಿನಲ್ಲಿ ತಿರುಚುವುದೆಂಬ ಅರ್ಥವಿದೆ. ಸಪ್ತ ಮಹಾಪಾಪಗಳ ಪಟ್ಟಿಯಲ್ಲಿ ಇಂಗ್ಲಿಷಿನವರು ಈ ‘ರಾತ್’ ಅನ್ನೇ ಸೇರಿಸಿದರು, ‘ಆ್ಯಂಗರ್’ ಅನ್ನು ಅಲ್ಲ. ಇನ್ನು ಮಗುವಿನ ಹಠಕ್ಕೆ ತಾಯಿ ಹುಬ್ಬು ಗಂಟಿಕ್ಕಿದರೆ, ಇಂಗ್ಲೆಂಡಿನವರು ಆಕೆ ‘ಕ್ರಾಸ್’ ಆಗಿದ್ದಾಳೆನ್ನುತ್ತಾರೆ. ಶಿಲುಬೆಗೂ ಇಷ್ಟು ಸಣ್ಣ ಮನೆವಾರ್ತೆಯ ಸಿಟ್ಟಿಗೂ ಒಂದೇ ಪದವೇ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಹಿಂದೊಮ್ಮೆ ಕೇಳಿದ್ದಳು. ಪದ ಒಂದೇ, ‘ಅಡ್ಡ’ ಎಂಬ ಅರ್ಥದ ಮೂಲಕ ಅದು ಇಲ್ಲಿಗೆ ಬಂದಿದೆ. ಹಸಿವಿನಿಂದ ಬರುವ ಸಿಟ್ಟಿಗೂ ‘ಹ್ಯಾಂಗ್ರಿ’ ಎಂಬ ಪದವನ್ನು ಹೊಸೆದುಕೊಂಡಿದ್ದಾರೆ; 2018ರಲ್ಲಿ ಅದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನೂ ಸೇರಿತು.

‘ಇಂಡಿಗ್ನೇಷನ್’ ಎಂಬುದಕ್ಕೆ ನನ್ನಲ್ಲಿ ವಿಶೇಷ ಗೌರವವಿದೆ. ‘ತಕ್ಕುದಲ್ಲದ್ದು’ ಎಂಬುದು ಅದರ ಲ್ಯಾಟಿನ್ ಮೂಲ. ನಡೆಯಬಾರದ್ದು ನಡೆದಾಗ, ಹಲವು ವೇಳೆ ಇನ್ನೊಬ್ಬರಿಗೆ ಅನ್ಯಾಯವಾದಾಗ, ಏಳುವ ಕೋಪವದು. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿಗೆ ಬಂದ ಕೋಪವನ್ನು 1611ರ ಕಿಂಗ್ ಜೇಮ್ಸ್ ಬೈಬಲ್ ಬರೀ ಅಸಮಾಧಾನವೆಂಬಂತೆ ಹೇಳಿದರೆ, 1946ರಲ್ಲಿ ಹೊರಬಂದ ರಿವೈಸ್ಡ್ ಸ್ಟ್ಯಾಂಡರ್ಡ್ ಅನುವಾದದ ಹೊಸ ಒಡಂಬಡಿಕೆ ‘ಇಂಡಿಗ್ನೆಂಟ್’ ಎಂದಿತು. ಆ ಅನುವಾದಕರು ಸರಿಯಾದ ಪದವನ್ನೇ ಆರಿಸಿದರೆಂಬುದು ನನ್ನ ಅಭಿಪ್ರಾಯ.

ನನ್ನ ಪತ್ರದ ಪದಕ್ಕೆ ಬರುತ್ತೇನೆ. ‘ರಿಸೆಂಟ್’ ಎಂಬುದು ಮರಳಿ ಅನುಭವಿಸು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಅದು ಉರಿಯುವುದಿಲ್ಲ, ಬೂದಿಯೊಳಗಿನ ಕೆಂಡದಂತೆ ಉಳಿಯುತ್ತದೆ. (ಇತ್ತೀಚಿನದೆಂಬ ಅರ್ಥದ ‘ರೀಸೆಂಟ್’ ಬೇರೆ, ಇದು ಅದಕ್ಕೆ ತೀರ ವಿರುದ್ಧವಾದ ಹಳೆಯ ಸರಕು.) ಇನ್ನೂ ಒಂದು ತೊಡಕಿದೆ. ಕನ್ನಡದಲ್ಲಿ ನಮಗೆ ಸಿಟ್ಟು ‘ಬರುತ್ತದೆ’. ಬಂದ ಅತಿಥಿಯಂತೆ ಹೋಗಲೂ ಬಹುದು. ‘ಐ ಆ್ಯಮ್ ಆ್ಯಂಗ್ರಿ’ ಎನ್ನುವಾಗ ಮನುಷ್ಯನೇ ಸಿಟ್ಟಾಗಿಬಿಡುತ್ತಾನೆ. ‘ಐ ರಿಸೆಂಟ್’ ಎಂದರಂತೂ ಅದು ಅವನು ಕೈಯಾರೆ ಮಾಡುವ ಕೆಲಸ. ನಮ್ಮ ‘ಮುನಿಸು’ ನೋಡಿ, ಎಷ್ಟು ಭಿನ್ನ! ಮುನಿದವರು ಒಳಗೊಳಗೇ ಸಂತೈಸುವವರ ದಾರಿ ಕಾಯುತ್ತಿರುತ್ತಾರೆ. ಇದಕ್ಕೆ ಸಮನಾದ ಇಂಗ್ಲಿಷ್ ಪದವನ್ನು ನಾನಿನ್ನೂ ಕಂಡಿಲ್ಲ.

ನನ್ನ ಪತ್ರ ತಲುಪಿದ ದಿನ ತಮ್ಮ ಪಕ್ಕದ ಮನೆಯ ಹುಡುಗನ ಡಿಕ್ಷನರಿಯಲ್ಲಿ ಆ ಪದವನ್ನು ಹುಡುಕಿಸಿದನಂತೆ. ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡ ಕಹಿ ಎಂದು ಆ ಹುಡುಗ ವಿವರಿಸಿದನಂತೆ. ಎರಡು ತಿಂಗಳ ಸಿಟ್ಟನ್ನಲ್ಲ, ಬಾಲ್ಯದಿಂದ ಕೂಡಿಟ್ಟ ಸಿಟ್ಟನ್ನು ಅಣ್ಣ ಬರೆದಿದ್ದಾನೆಂದು ಅವನು ತಿಳಿದ. ಅಂದಿನಿಂದ ತಪ್ಪದೆ ಮನಿಯಾರ್ಡರ್ ಬರುತ್ತಿತ್ತು, ಅದರ ಚೀಟಿಯಲ್ಲಿ ಒಂದಕ್ಷರವೂ ಇರುತ್ತಿರಲಿಲ್ಲ. 2003ರಲ್ಲಿ ತಾಯಿಯ ಅಂತ್ಯಕ್ರಿಯೆಗೆ ಬಂದವನು ನನ್ನ ಕೈಕುಲುಕಿ ಮರುದಿನವೇ ಹಿಂದಿರುಗಿದ. ಸೂರ್ಯ ಮುಳುಗುವ ಮುನ್ನ ಕೋಪವನ್ನು ಬಿಡಬೇಕೆಂಬ ಸಂತ ಪೌಲರ ಬುದ್ಧಿವಾದವನ್ನು ಆ ವರ್ಷಗಳಲ್ಲೆಲ್ಲ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವನು ನಾನೇ. ಹದಿನಾಲ್ಕು ವರ್ಷಗಳ ಸೂರ್ಯಾಸ್ತಗಳು ನಮ್ಮಿಬ್ಬರ ನಡುವೆ ಕಳೆದುಹೋಗಿದ್ದವು.

‘ಆ್ಯಂಗರ್’ ಪದವನ್ನು ನಾನು ನಿಘಂಟಿನಲ್ಲಿ ಕಡೆಗೆ ನೋಡಿದೆ, ತೀರ ಪರಿಚಿತವೆಂಬ ಅಸಡ್ಡೆಯಿಂದ. ಅದು ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ ‘ಆಂಗ್ರ್’ ಎಂಬುದರಿಂದ ಇಂಗ್ಲಿಷಿಗೆ ಬಂದದ್ದು. ಅಲ್ಲಿ ಅದರ ಅರ್ಥ ಕೋಪವಲ್ಲ, ದುಃಖ, ಸಂಕಟ. ಅದರ ಬೇರಿನಲ್ಲಿರುವುದು ಇಕ್ಕಟ್ಟು, ಬಿಗಿತ. ಎದೆ ಬಿಗಿಯುವ ನೋವಿಗೆ ವೈದ್ಯರು ಹೇಳುವ ‘ಆಂಜೈನಾ’, ಕಳವಳವೆಂಬ ‘ಆಂಗ್ಸೈಟಿ’, ಸಂಸ್ಕೃತದ ‘ಅಂಹಸ್’ ಎಲ್ಲವೂ ಅದೇ ಬೇರಿನ ಕುಡಿಗಳು. ಸಂತ ಮಾರ್ಕರ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ, ಸಬ್ಬತ್ ದಿನ ಬತ್ತಿದ ಕೈಯವನನ್ನು ಗುಣಪಡಿಸುವ ಮುನ್ನ ಯೇಸುಸ್ವಾಮಿ ಸುತ್ತಲಿದ್ದವರನ್ನು ನೋಡಿದ ನೋಟವೊಂದಿದೆ. ಅದರಲ್ಲಿ ಕೋಪವೂ ದುಃಖವೂ ಒಟ್ಟಿಗೇ ಇದ್ದವೆಂದು ಅಲ್ಲಿ ಹೇಳಿದೆ. ಎಷ್ಟೋ ಬಾರಿ ಓದಿದ್ದ ಆ ಸಾಲಿನ ಮುಂದೆ, ಈ ಪದದ ಹುಟ್ಟು ತಿಳಿದ ದಿನ ಬಹಳ ಹೊತ್ತು ಕುಳಿತಿದ್ದೆ.

ಏಕೆಂದರೆ ಮದುವೆಯ ಹಿಂದಿನ ಆ ರಾತ್ರಿ ನಾನು ತಮ್ಮನನ್ನು ಕೇಳಿದ್ದೆ: “ಆ ಪದ ತಪ್ಪಾಯಿತು. ಮತ್ತೇನು ಬರೆಯಬೇಕಿತ್ತು, ಹೇಳು.” ಅಂದು ಏಕೆ ಬರಲಾಗಲಿಲ್ಲವೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಅವನು ಚಪ್ಪರದ ದೀಪಗಳನ್ನು ನೋಡುತ್ತಾ ಸುಮ್ಮನಿದ್ದು, ಆಮೇಲೆ ಕನ್ನಡದಲ್ಲಿ ಹೇಳಿದ: “ಅಮ್ಮ ಬಿದ್ದಿದ್ದಾಳೆ, ಒಬ್ಬನೇ ಇದ್ದೇನೆ, ಹೆದರಿಕೆಯಾಗುತ್ತಿದೆ ಎಂದು ಬರೆಯಬಹುದಿತ್ತಲ್ಲ, ಅಣ್ಣಾ.”