ಕೆಸರಿನೊಳಗಿನ ಸೂಜಿಗಲ್ಲು

ವುಡ್‌ಬ್ರಿಡ್ಜ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಐಸೆಲಿನ್‌ನ ಓಕ್ ಟ್ರೀ ರಸ್ತೆ, ಅಲ್ಲಿನ ದೋಸೆ, ಸೀರೆ ಅಂಗಡಿ, ಪಾರ್ಕಿಂಗ್ ಸಿಗದ ಪರದಾಟ. ಆದರೆ ಹಿಂದೊಮ್ಮೆ ಈ ಊರಿಗೆ ಹೆಸರು ತಂದದ್ದು ಮಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಜೇಡಿಮಣ್ಣನ್ನು ಅಗೆದು, ಕುಲುಮೆಯ ಬೆಂಕಿಗೂ ಜಗ್ಗದ ಇಟ್ಟಿಗೆ ಮಾಡುತ್ತಿದ್ದರು. ಭೂವಿಜ್ಞಾನಿಗಳು ಇಲ್ಲಿನ ಒಂದು ಪದರಕ್ಕೆ ‘ವುಡ್‌ಬ್ರಿಡ್ಜ್ ಜೇಡಿ’ ಎಂದೇ ಹೆಸರಿಟ್ಟಿದ್ದಾರೆ. ನಾನು ಹೇಳಹೊರಟಿರುವುದೂ ಕೆಸರಿನ ಕಥೆಯೇ. ಅದರೊಳಗೆ ಕೂತು ಕಬ್ಬಿಣದ ಕೆಲಸ ಮಾಡುವ, ಕಣ್ಣಿಗೆ ಕಾಣದ ಕಮ್ಮಾರನ ಕಥೆ.

ಈ ಕಮ್ಮಾರ ಒಂದು ಬ್ಯಾಕ್ಟೀರಿಯಾ. 1963ರಲ್ಲಿ ಇಟಲಿಯ ಪಾವಿಯಾದಲ್ಲಿ ಸಾಲ್ವತೋರೆ ಬೆಲ್ಲಿನಿ ಇದನ್ನು ಕಂಡು ಬರೆದಿಟ್ಟರು. ಹೆಚ್ಚು ಜನಕ್ಕೆ ಗೊತ್ತಾಗಲಿಲ್ಲ. ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನ ಕೆಸರಿನಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಇಂಥವನ್ನೇ ಕಂಡು, 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಲೋಕಕ್ಕೆ ತಿಳಿಯಿತು. ಸೂಕ್ಷ್ಮದರ್ಶಕದ ಪಕ್ಕ ಅಯಸ್ಕಾಂತ ಇಟ್ಟರೆ ಇವು ಒಂದೇ ದಿಕ್ಕಿಗೆ ಈಜುತ್ತವೆ, ಅಯಸ್ಕಾಂತ ತಿರುಗಿಸಿದರೆ ತಾವೂ ತಿರುಗುತ್ತವೆ.

ಮಗಳ ಶಾಲೆಯ ವಿಜ್ಞಾನ ಮೇಳದ ನೆಪದಲ್ಲಿ ನಾವೂ ಮೆರಿಲ್ ಪಾರ್ಕಿನ ಬಳಿ ಹರಿಯುವ ರಾಹ್‌ವೇ ನದಿಯ ಕವಲಿನಿಂದ ಒಂದಿಷ್ಟು ಕೆಸರು ತಂದು, ಗರಾಜಿನ ಕತ್ತಲೆಯಲ್ಲಿ ಒಂದು ತಿಂಗಳು ಇಟ್ಟೆವು. ಆಗ ಊರಿನಿಂದ ಬಂದಿದ್ದ ಅಮ್ಮ, “ಉಪ್ಪಿನಕಾಯಿ ಜಾಡೀಲಿ ಕೆಸರು ತುಂಬಿದೀಯಲ್ಲೋ” ಎಂದು ಗೊಣಗಿದರು. ಆಮೇಲೆ ಮಸೂರದಲ್ಲಿ ಕಣ್ಣಿಟ್ಟವರು ಏಳಲೇ ಇಲ್ಲ. ನೀರಿನ ಹನಿಯ ಅಂಚಿನಲ್ಲಿ, ಅಯಸ್ಕಾಂತದ ದಕ್ಷಿಣ ಧ್ರುವದ ಕಡೆಗೆ, ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು ಬಂದು ಸೇರಿದ್ದವು. “ಇಷ್ಟು ಚಿಕ್ಕದಕ್ಕೆ ಕಬ್ಬಿಣ ಎಲ್ಲಿಂದ ಬಂತೋ?” ಎಂದು ಕೇಳಿದರು. ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಕಬ್ಬಿಣ ಎಲ್ಲೆಲ್ಲೂ ಇದೆ, ಆದರೆ ಸಿಗುವುದು ಕಷ್ಟ. ಆಮ್ಲಜನಕ ಇರುವಲ್ಲಿ ಅದು ತುಕ್ಕಾಗಿ ತಳ ಸೇರುತ್ತದೆ; ಇಲ್ಲದ ಕಡೆ ನೀರಿನಲ್ಲಿ ಕರಗಿರುತ್ತದೆ. ಈ ಎರಡರ ಗಡಿಯಲ್ಲೇ ನಮ್ಮ ಕಮ್ಮಾರನ ವಾಸ. ಅಲ್ಲಿ ಕಬ್ಬಿಣವನ್ನು ಎಷ್ಟು ಹೀರುತ್ತಾನೆಂದರೆ ಒಣಗಿಸಿ ತೂಗಿದರೆ ಮೈತೂಕದ ನೂರಕ್ಕೆ ಎರಡು ಮೂರು ಪಾಲು ಕಬ್ಬಿಣವೇ ಇರಬಹುದು. ಆದರೆ ಜೀವಕೋಶದೊಳಗೆ ಬಿಡಿ ಕಬ್ಬಿಣ ಓಡಾಡಿಕೊಂಡಿದ್ದರೆ ವಿಷ. ನಮ್ಮ ಮೈಯಲ್ಲೂ ಅಷ್ಟೇ, ಅದಕ್ಕೇ ನಾವು ಅದನ್ನು ಫೆರಿಟಿನ್ ಎಂಬ ಪ್ರೋಟೀನಿನ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ. ಈ ಬ್ಯಾಕ್ಟೀರಿಯಾ ಮೊದಲು ತನ್ನ ಒಳಪೊರೆಯನ್ನೇ ಒಳಕ್ಕೆ ಮಡಿಸಿ ಪುಟ್ಟ ಕೋಣೆ ಕಟ್ಟುತ್ತದೆ. ಆ ಪೊರೆಯಲ್ಲಿರುವ ಪ್ರೋಟೀನುಗಳು ಕಬ್ಬಿಣವನ್ನು ಒಳಗೆ ದಾಟಿಸುತ್ತವೆ. ಹರಳು ಕಟ್ಟುವಾಗ ಹುಟ್ಟುವ ಆಮ್ಲವನ್ನು ಹೊರಗೆ ಹಾಕದಿದ್ದರೆ ಕೆಲಸ ಕೆಡುತ್ತದೆ, ಅದಕ್ಕೂ ಏರ್ಪಾಡಿದೆ. ಹೀಗೆ ಎರಡು ಬಗೆಯ ಕಬ್ಬಿಣದ ಅಯಾನುಗಳು ಆಮ್ಲಜನಕದೊಡನೆ ಸೇರಿ ಮ್ಯಾಗ್ನಟೈಟ್ ಹರಳಾಗುತ್ತದೆ. ನಮ್ಮ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗುಡ್ಡ ಅಗೆದು, ಪುಡಿಮಾಡಿ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರಲ್ಲ, ಅದೇ ಖನಿಜ!

ಹರಳಿನ ಅಳತೆಯೂ ಲೆಕ್ಕಾಚಾರದ್ದು. ಸುಮಾರು 35ರಿಂದ 120 ನ್ಯಾನೋಮೀಟರ್. ಇನ್ನೂ ಚಿಕ್ಕದಾದರೆ ಕಾಂತಗುಣ ನಿಲ್ಲುವುದಿಲ್ಲ. ದೊಡ್ಡದಾದರೆ ಒಳಗೇ ಪಾಲಾಗಿ ಒಂದು ಭಾಗ ಇನ್ನೊಂದಕ್ಕೆ ಎದುರು ನಿಲ್ಲುತ್ತದೆ. ಇಂಥ ಹರಳುಗಳನ್ನು ಪ್ರೋಟೀನಿನ ದಾರದುದ್ದಕ್ಕೆ ಸರದಂತೆ ಜೋಡಿಸಿದಾಗ ಇಡೀ ಜೀವಿಯೇ ದಿಕ್ಸೂಚಿಯ ಮುಳ್ಳಾಗುತ್ತದೆ. ಸೂಜಿಗಲ್ಲು ಎಂಬ ನಮ್ಮ ಹಳೆಯ ಮಾತು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಅದಕ್ಕೆ ಬೇಕಾದದ್ದು ಉತ್ತರವೂ ಅಲ್ಲ, ದಕ್ಷಿಣವೂ ಅಲ್ಲ. ನ್ಯೂಜೆರ್ಸಿಯಲ್ಲಿ ಭೂಮಿಯ ಕಾಂತರೇಖೆಗಳು ಕಡಿದಾಗಿ ನೆಲದೊಳಕ್ಕೆ ಇಳಿಯುತ್ತವೆ, ಅದರ ಜಾಡು ಹಿಡಿದರೆ ಕೆಸರಿನ ತಳ ಸಿಗುತ್ತದೆ. ಭಾರತದ ದಕ್ಷಿಣ ತುದಿಯ ಬಳಿ ಕಾಂತೀಯ ಸಮಭಾಜಕ ಹಾದುಹೋಗುವುದರಿಂದ ನಮ್ಮ ಕರ್ನಾಟಕದಲ್ಲಿ ಆ ರೇಖೆಗಳು ಬಹುಮಟ್ಟಿಗೆ ಮಲಗಿರುತ್ತವೆ. ಊರಿನ ಕೆರೆಯ ಬ್ಯಾಕ್ಟೀರಿಯಾಕ್ಕೆ ಕೆಳಗಿಳಿಯಲು ಈ ಮುಳ್ಳಿನಿಂದ ಇಲ್ಲಿಯಷ್ಟು ಉಪಯೋಗವಿಲ್ಲ.

ಜೀವಿ ಸತ್ತರೂ ಹರಳು ಉಳಿಯುತ್ತದೆ. ಅಲ್ಲಿಂದ ಶುರುವಾದದ್ದು ನಮ್ಮ ರಾಜ್ಯದ ಒಂದು ದೊಡ್ಡ ತಕರಾರು. ದಕ್ಷಿಣ ನ್ಯೂಜೆರ್ಸಿಯ ಆಂಕೋರಾದಲ್ಲಿ ಕೊಳವೆ ಕೊರೆದಾಗ, ವುಡ್‌ಬ್ರಿಡ್ಜ್ ಜೇಡಿಗಿಂತ ಎಷ್ಟೋ ಈಚಿನ, ಸುಮಾರು 5.6 ಕೋಟಿ ವರ್ಷ ಹಿಂದಿನ ಜೇಡಿಯಲ್ಲಿ ಕಾಂತೀಯ ಕಣಗಳು ತುಂಬಿಕೊಂಡಿದ್ದವು. ಗಾಳಿಯಲ್ಲಿ ಇಂಗಾಲ ಹೆಚ್ಚಾಗಿ, ಭೂಮಿ 5 ಡಿಗ್ರಿಗೂ ಹೆಚ್ಚು ಬಿಸಿಯಾದ ಕಾಲವದು. 2003ರಲ್ಲಿ ರಟ್ಗರ್ಸ್‌ನ ಡೆನ್ನಿಸ್ ಕೆಂಟ್ ಮತ್ತು ಸಂಗಡಿಗರು, ಇದು ಅಪ್ಪಳಿಸಿದ ಧೂಮಕೇತುವಿನ ಧೂಳು, ಬಿಸಿಗೂ ಅದೇ ಕಾರಣವಿರಬಹುದು ಎಂದರು. ಅಲ್ಲ, ಇವು ಬ್ಯಾಕ್ಟೀರಿಯಾದ ಹರಳುಗಳು ಎಂದು 2007ರಲ್ಲಿ ಬೇರೆಯವರು ತೋರಿಸಿದರು. ಅವರ ಮಾತು ನಿಜವಾದರೆ ಆ ಕಣಗಳು ಬಿಸಿಯ ಕಾರಣವಲ್ಲ, ಪರಿಣಾಮ. ಕಾವೇರಿದ ಕರಾವಳಿಯಲ್ಲಿ ನದಿಗಳು ಹೆಚ್ಚು ಕಬ್ಬಿಣ ತಂದು, ಕೆಸರಿನಲ್ಲಿ ಆಮ್ಲಜನಕ ಕಡಿಮೆಯಾಗಿ, ಕಮ್ಮಾರರ ಸಂತೆಯೇ ನೆರೆದಿತ್ತು ಎಂದಾಯಿತು. ಅದೇ ಕರಾವಳಿಯಲ್ಲಿ ಸಾಲ ಮಾಡಿ ಮನೆ ಕೊಂಡಿರುವ ನಮಗೆ ಇದು ಬರೀ ಪಂಡಿತರ ಜಗಳವಲ್ಲ. 2016ರಲ್ಲಿ ಅದೇ ಕಾಲದ ಜೇಡಿಯಲ್ಲಿ ಅಪ್ಪಳಿಕೆಯಿಂದ ಹುಟ್ಟುವ ಗಾಜಿನ ಗುಂಡುಗಳೂ ಸಿಕ್ಕು, ವಾದ ಮತ್ತೆ ಚಿಗುರಿತು.

ಆಂಕೋರಾದ ಜೇಡಿಯಲ್ಲೇ 2008ರಲ್ಲಿ ಇನ್ನೊಂದು ಸೋಜಿಗ ಹೊರಬಂತು: ಈಟಿಯ ಮೊನೆಯಂಥ ಮ್ಯಾಗ್ನಟೈಟ್ ಹರಳುಗಳು. ಕೆಲವು 4 ಮೈಕ್ರಾನ್ ಉದ್ದ, ಅಂದರೆ ಇಡೀ ಒಂದು ಬ್ಯಾಕ್ಟೀರಿಯಾದಷ್ಟು! ಅವನ್ನು ಮಾಡಿದ ಜೀವಿಯನ್ನು ಇದುವರೆಗೆ ಯಾರೂ ಜೀವಂತವಾಗಿ ಕಂಡಿಲ್ಲ.